ಅತ್ತೆಯ ಬಾಯಿಗೆ ಬೀಗ

ಬ್ಯಾಂಡೇಜಕ್ಕ ಹದಿನೆಂಟು ವರ್ಷ ಹೆಂಗಸರ ವಾರ್ಡಿನಲ್ಲಿ ಆಯಾ ಆಗಿದ್ದವಳು. ಗಾಯಕ್ಕೆ ಪಟ್ಟಿ ಕಟ್ಟುವುದರಲ್ಲಿ ಕೈ ಪಳಗಿತ್ತು, ಅದಕ್ಕೇ ಆ ಹೆಸರು. ನಲವತ್ತು ದಾಟಿದ ಮೇಲೆ ನರ್ಸಿಂಗ್ ಓದಲು ಸೇರಿದಳು. ಕೈಕೆಲಸವೆಲ್ಲ ನೀರು ಕುಡಿದಷ್ಟು ಸಲೀಸು. ಕಾಯಿಲೆಗಳ ಲಕ್ಷಣ ಮಾತ್ರ ತಲೆಯಲ್ಲಿ ನಿಲ್ಲದು. ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಳು. ಮೂರನೆಯದೇ ಕೊನೆಯ ಅವಕಾಶ.

ಎರಡೂ ಸಲ ಕೈಕೊಟ್ಟದ್ದು ಒಂದೇ ಕಾಯಿಲೆ, ಜೈಂಟ್ ಸೆಲ್ ಆರ್ಟರೈಟಿಸ್. ತಲೆಯ ರಕ್ತನಾಳಗಳು ಊದಿಕೊಳ್ಳುತ್ತವೆ. ತಡಮಾಡಿದರೆ ಕಣ್ಣೇ ಹೋಗಬಹುದು.

ದೇವರು ಅವಳ ನೆನಪನ್ನೆಲ್ಲ ಕಣ್ಣಿಗೇ ಕೊಟ್ಟಿದ್ದ. ಯಾವ ಹಾಸಿಗೆಯಲ್ಲಿ ಯಾರಿದ್ದರು, ಗಾಯ ಎಷ್ಟಗಲ ಇತ್ತು, ವರ್ಷ ಕಳೆದರೂ ಹೇಳುತ್ತಿದ್ದಳು. ಹಾಗಾಗಿ ಈ ಸಲ ಚಿತ್ರ ಬರೆಯಲು ಕೂತಳು. ಎದುರಿಗೆ ಅತ್ತೆ ಬಟ್ಟೆ ಮಡಚುತ್ತಿದ್ದರು. ಅವರನ್ನೇ ಬರೆದಳು: ಕಣತಲೆಯಲ್ಲಿ ಹಗ್ಗದಂತೆ ಉಬ್ಬಿದ ನಾಳ, ತಲೆಗೆ ಚುಚ್ಚುವ ಮುಳ್ಳಿನ ಬಾಚಣಿಗೆ, ಒಂದು ಕಣ್ಣಿಗೆ ಪರದೆ, ಬಾಯಿಗೆ ದೊಡ್ಡ ಬೀಗ.

ಅತ್ತೆ ಕನ್ನಡಕ ಏರಿಸಿದರು. "ಇದ್ಯಾರೇ, ನಾನಾ?"

"ಹೂಂ ಅತ್ತೆ."

"ಬಾಯಿಗೆ ಬೀಗ! ಇಷ್ಟು ವರ್ಷದ ಆಸೆ ಕಾಗದದ ಮೇಲೆ ತೀರಿಸ್ಕೊಂಡ್ಯಾ?"

"ಅಯ್ಯೋ, ಅಗಿಯುವಾಗ ದವಡೆ ನೋಯುತ್ತೆ ಅನ್ನೋದು ನೆನಪಿರ್ಲಿ ಅಂತ!"

"ಬೀಗ ಇರ್ಲಿ ಬಿಡು. ಕೂದಲು ಕಪ್ಪು ಮಾಡು. ನೋಡಿದವರು ಮುದುಕಿ ಅನ್ಕೊಳ್ತಾರೆ."

ಅತ್ತೆಯ ಮಾತು ತೆಗೆದುಹಾಕಲಾರದೆ ಕಪ್ಪು ಶಾಯಿ ಬಳಿದಳು.

ಪರೀಕ್ಷೆಯ ದಿನ ಕೈಮುಗಿದು ಒಳಗೆ ಹೋದಳು. ಪರೀಕ್ಷಕಿ ಕೇಳಿದ್ದೂ ಅದೇ ಕಾಯಿಲೆ. ಕಣ್ಣು ಮುಚ್ಚಿದರೆ ಅತ್ತೆ ಎದುರಿಗೇ ಕೂತಂತಿತ್ತು. ತಲೆನೋವು, ಬಾಚಿದರೆ ನೋವು, ದವಡೆ, ದೃಷ್ಟಿ, ಒಂದೂ ತಪ್ಪಲಿಲ್ಲ.

"ಯಾವ ವಯಸ್ಸಿನವರಿಗೆ ಬರುತ್ತೆ?"

ಚಿತ್ರದಲ್ಲಿ ಕಪ್ಪು ಕೂದಲು. "ಮೂವತ್ತು..." ಎಂದವಳು ನಾಲಿಗೆ ಕಚ್ಚಿಕೊಂಡಳು. "ಅಲ್ಲ ಮೇಡಂ, ಐವತ್ತು ದಾಟಿದವರಿಗೆ. ನಮ್ಮತ್ತೆ ಬಣ್ಣ ಹಾಕಿಸ್ಕೊಂಡಿದ್ದಾರೆ."

ಪರೀಕ್ಷಕಿಗೆ ತಲೆಬುಡ ಅರ್ಥವಾಗಲಿಲ್ಲ. "ಇರ್ಲಿ. ಇಂಥವರು ಬಂದು, ಬೆಳಗ್ಗೆಯಿಂದ ಒಂದು ಕಣ್ಣು ಮಂಜು ಅಂದ್ರೆ ಏನ್ಮಾಡ್ತೀರಿ?"

ಇದಕ್ಕೆ ಯಾವ ಚಿತ್ರವೂ ಬೇಕಾಗಲಿಲ್ಲ. "ಸಾಲಿನಲ್ಲಿ ಕೂರಿಸಲ್ಲ. ತಕ್ಷಣ ಡಾಕ್ಟರನ್ನ ಕರೀತೀನಿ. ಅವರು ಬೇರೆ ಕೆಲಸದಲ್ಲಿದ್ರೆ ಅಲ್ಲಿಗೇ ಹೋಗಿ ಹೇಳ್ತೀನಿ. ಬೈದ್ರೆ ಬೈಯ್ಲಿ, ಕಣ್ಣು ಉಳೀಬೇಕಲ್ಲ."

ಪರೀಕ್ಷಕಿ ಅಂಕ ಬರೆದುಕೊಂಡು ಮುಂದಿನವರನ್ನು ಕರೆದರು.

ಮೂರನೇ ದಿನ ಫಲಿತಾಂಶ ಬಂತು: ಪಾಸು. ಆ ಮಧ್ಯಾಹ್ನವೇ ದರ್ಜಿಯ ಅಂಗಡಿಯಲ್ಲಿ ನರ್ಸ್ ಸಮವಸ್ತ್ರಕ್ಕೆ ಅಳತೆ ಕೊಟ್ಟಳು. ಜೇಬು ಎರಡೂ ಆಳವಾಗಿರಬೇಕು, ಕತ್ತರಿ ಹಿಡಿಸಬೇಕು ಎಂದು ಒತ್ತಿ ಹೇಳಿದಳು.