ನಾಲ್ಕು ಕಿಲೋ ಬೆಣ್ಣೆಯ ಕಣ್ಮರೆ

ಆ ಊಟದಮನೆಯ ಉಗ್ರಾಣಕ್ಕೆ ಹದಿನೇಳು ವರ್ಷಗಳಿಂದ ಒಬ್ಬಳೇ ಮಹಾರಾಣಿ. ಸೊಂಟದಲ್ಲಿ ಬೀಗದಕೈ ಗೊಂಚಲು ಝಣಗುಡುತ್ತಿದ್ದುದರಿಂದ ಎಲ್ಲರಿಗೂ ಅವಳು ಬೀಗದಕ್ಕ. ಹಿಟ್ಟಿನ ಮೂಟೆಗಳು ಅವಳ ಗಜಸೇನೆ, ಈರುಳ್ಳಿ ಬುಟ್ಟಿಗಳು ಕಾಲಾಳುಗಳು. ಬೆಣ್ಣೆಯ ಡಬ್ಬಿಗಳಿಗೆ ಮಾತ್ರ ತಂಪು ಕಪಾಟಿನ ಅಂತಃಪುರವಾಸ.

ಈ ಸಾಮ್ರಾಜ್ಯದ ಮೇಲೆ ದಂಡೆತ್ತಿ ಬಂದದ್ದು ಬಿಲ್ಲಿನ ಹೊಸ ಯಂತ್ರ. ಯಾವ ಅಡುಗೆಗೆ ಏನೇನು ಎಷ್ಟೆಷ್ಟು ಎಂದು ಅದಕ್ಕೆ ಮೊದಲೇ ಹೇಳಿಕೊಟ್ಟಿದ್ದರು. ಕೌಂಟರಿನಲ್ಲಿ ಒಂದು ಬಟ್ಟಲು ಸೂಪಿಗೆ ಬಿಲ್ ಹರಿದರೆ ಸಾಕು, ಉಗ್ರಾಣದ ಲೆಕ್ಕದಿಂದ ಇಪ್ಪತ್ತು ಗ್ರಾಂ ಬೆಣ್ಣೆ ತಾನಾಗಿ ಇಳಿಯುತ್ತಿತ್ತು. ವಾರ ಕಳೆದಾಗ ಯಂತ್ರ ಹೇಳಿತು: ಕಪಾಟಿನಲ್ಲಿ ಹನ್ನೊಂದು ಕಿಲೋ ಬೆಣ್ಣೆ ಇರಬೇಕು. ಇದ್ದದ್ದು ಏಳು.

"ನಾಳೆಯೊಳಗೆ ಕಾರಣ ಹೇಳಮ್ಮ. ಇಲ್ಲಾಂದ್ರೆ ಬೀಗದಕೈ ನನಗೆ ಕೊಟ್ಬಿಡು," ಎಂದರು ಯಜಮಾನರು.

ಮಧ್ಯಾಹ್ನ ಮೂರರ ಹೊತ್ತು. ಮೇಜುಗಳೆಲ್ಲ ಖಾಲಿ. ಹಿಟ್ಟಿನ ಮೂಟೆಗೆ ಒರಗಿದವಳಿಗೆ ಕಣ್ಣು ಎಳೆಯಿತು. ಬೆಣ್ಣೆಯ ಮುದ್ದೆಗಳು ಒಂದೊಂದಾಗಿ ಎದ್ದು, ಅವಳಿಗೆ ವಿನಯದಿಂದ ತಲೆಬಾಗಿ, ಕಿಟಕಿಯಿಂದ ತೇಲಿಹೋಗುತ್ತಿದ್ದವು. ಬೀದಿಯ ಮೇಲೆ, ಒಣಹಾಕಿದ ಬಟ್ಟೆಗಳ ಮೇಲೆ, ಬಿಳಿ ಮೋಡಗಳಾಗಿ. ಕೈ ಚಾಚಿದರೆ ಬೆರಳೆಲ್ಲ ನುಣುಪು.

ಅಡುಗೆಮನೆಯಿಂದ ಬಂದ ಗುನುಗು ಅವಳನ್ನು ಎಬ್ಬಿಸಿತು. ಬಾಣಸಿಗ ಅವಳ ಅಕ್ಕನ ಗಂಡ. ಕಣ್ಣು ಅರೆಮುಚ್ಚಿ ಹಾಡುತ್ತ ಸಂಜೆಯ ನಲವತ್ತು ಬಟ್ಟಲು ಸೂಪಿಗೆ ಬೆಣ್ಣೆ ಹಾಕುತ್ತಿದ್ದ. ಆಮೇಲೆ ಅವಳು ಡಬ್ಬಿಯನ್ನು ತಕ್ಕಡಿಗಿಟ್ಟಳು. ಹೋದದ್ದು ಎಂಟುನೂರು ಗ್ರಾಂ ಅಲ್ಲ, ಸಾವಿರದಿನ್ನೂರು!

"ಭಾವ, ಯಂತ್ರಕ್ಕೆ ಬಟ್ಟಲಿಗೆ ಇಪ್ಪತ್ತು ಅಂದ್ರಿ. ಇದು ಮೂವತ್ತು!"

"ಯಂತ್ರಕ್ಕೆ ಅಳತೆ ತುಂಬಿಸೋಕೆ ಬಂದಿದ್ದ ಆ ಕಂಪ್ಯೂಟರ್ ಮೇಡಂ ಆವತ್ತು ತಕ್ಕಡಿ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ರಲ್ಲೇ. ಫೋಟೋ ತೆಗೆಸ್ಕೊಳ್ಳೋವಾಗ ಹೊಟ್ಟೆ ಒಳಗೆಳ್ಕೊಳ್ಳಲ್ವಾ, ಹಾಗೆ ಕೈ ಎಳ್ಕೊಂಡೆ."

"ನೀವು ಹೊಟ್ಟೆ ಎಳ್ಕೊಂಡಿದ್ದಕ್ಕೆ ನನ್ ಸೊಂಟದ ಬೀಗದಕೈ ಜಾರ್ತಿದೆ!"

ಮರುದಿನ ಯಜಮಾನರನ್ನೇ ಒಲೆಯ ಬಳಿಗೆ ಕರೆತಂದಳು. ಅವರ ನೆರಳು ಬಿದ್ದದ್ದೇ ತಡ, ಭಾವನ ಹಾಡು ನಿಂತಿತು, ಕೈ ಮುದುಡಿತು. ಬಿದ್ದದ್ದು ಕರಾರುವಾಕ್ಕಾಗಿ ಎಂಟುನೂರು.

"ನೋಡಮ್ಮ, ಯಂತ್ರ ಸರಿಯಾಗೇ ಹೇಳಿದೆ," ಎಂದು ಯಜಮಾನರು ಬೀಗದಕೈಗಾಗಿ ಕೈ ಚಾಚಿದರು.

ಅವಳು ಆ ಚಾಚಿದ ಕೈಗೆ ಸೂಪಿನ ಬಟ್ಟಲನ್ನೇ ಇಟ್ಟಳು. "ಕುಡಿದು ಹೇಳಿ ಯಜಮಾನ್ರೇ. ದಿನಾ ಕುಡಿಯೋರು ನೀವು."

ಒಂದು ಚಮಚ. ಇನ್ನೊಂದು. ಯಜಮಾನರ ಮುಖ ಸಪ್ಪಗಾಯಿತು.

"ಏನಯ್ಯಾ ಇದು? ಇದು ನಮ್ಮ ಸೂಪೇ ಅಲ್ಲ!"

ಅವಳು ಭಾವನನ್ನು ದುರುಗುಟ್ಟಿ ನೋಡಿದಳು. ಆತ ಪಾತ್ರೆಯ ಕಡೆ ತಿರುಗಿ, ನಾಚಿಕೊಂಡೇ ಗುನುಗತೊಡಗಿದ. ಬೆಣ್ಣೆ ಕರಗಿ ಬಂಗಾರದ ಕೊಳವಾಯಿತು. ಹಬೆಗೆ ಮೂವರ ಕಣ್ಣೂ ಮಂಜಾದವು. ಡಬ್ಬಿ ಇನ್ನೂ ನಾನೂರು ಗ್ರಾಂ ಹಗುರಾಗಿತ್ತು. ಯಜಮಾನರು ಈ ಸಲ ಬಟ್ಟಲನ್ನು ನೆಕ್ಕುವುದೊಂದೇ ಬಾಕಿ.

"ಯಂತ್ರದಲ್ಲಿ ಮೂವತ್ತು ಅಂತ ತಿದ್ದಿಸ್ತೀನಿ. ಬೀಗದಕೈ ನಿನ್ ಹತ್ರಾನೇ ಇರ್ಲಿ ತಾಯಿ. ಇನ್ನೊಂದು ಬಟ್ಟಲು ಹಾಕು."

"ಹಾಕ್ತೀನಿ," ಎಂದಳು ಮಹಾರಾಣಿ, ಸೌಟನ್ನು ಬೆನ್ನ ಹಿಂದೆ ಹಿಡಿದು. "ಮೊದ್ಲು ಹೋಗಿ ಬಿಲ್ ಹಾಕಿಸ್ಕೊಂಡ್ ಬನ್ನಿ."