ಮೇಮಸಾಬ ಹೇಳದ ಮಾತು

ಭಾಲ್ಕಿಯ ಬಟ್ಟೆ ವ್ಯಾಪಾರಿ ಶಿವರಾಜಪ್ಪನ ತಂಗಿ ಕಸ್ತೂರಿಬಾಯಿ ಗಂಡನನ್ನು ಕಳೆದುಕೊಂಡಾಗ ತುಂಬಿದ ಬಸುರಿ. ಹೆರಿಗೆ ಕಷ್ಟವಾಗಿ ಪ್ರಾಣಕ್ಕೆ ಬಂದಾಗ ಅಣ್ಣ ಅವಳನ್ನು ಬಂಡಿಯಲ್ಲಿ ಮಲಗಿಸಿ ಬೀದರಿನ ಮಿಷನ್ ದವಾಖಾನೆಗೆ ಒಯ್ದ. ವಿಲಾಯತಿಯಿಂದ ಬಂದಿದ್ದ ಅಲ್ಲಿನ ಡಾಕ್ಟರ್ ಹೆಂಗಸನ್ನು ಊರೆಲ್ಲ ಮೇಮಸಾಬ ಎನ್ನುತ್ತಿತ್ತು. ಆಕೆ ತಾಯಿಯನ್ನು ಉಳಿಸಿದಳು. ಕೂಸು ಉಳಿಯಲಿಲ್ಲ. ಆಮೇಲೆ ಕಸ್ತೂರಿಬಾಯಿ ಭಾಲ್ಕಿಗೆ ಮರಳಲಿಲ್ಲ. ಬೀದರಿಗೆ ಹೊಂದಿದ ಮೈಲೂರಿನಲ್ಲಿ ಸೋದರತ್ತೆಯ ಮನೆಯಲ್ಲಿದ್ದು, ದಿನಾ ದವಾಖಾನೆಗೆ ಹೋಗಿ ಬಾಣಂತಿಯರಿಗೆ ನೀರು ಕಾಯಿಸಿ ಕೊಡತೊಡಗಿದಳು. ಬಾ ಎಂದು ಯಾರೂ ಕರೆದಿರಲಿಲ್ಲ, ಬೇಡವೆಂದೂ ಯಾರೂ ಹೇಳಲಿಲ್ಲ.

ಆ ಬೇಸಿಗೆಯಲ್ಲಿ ಔರಾದ ಕಡೆ ವಾಂತಿಭೇದಿ ಹಬ್ಬಿತು. ಮೇಮಸಾಬ ಔಷಧದ ಪೆಟ್ಟಿಗೆ ಕಟ್ಟಿಸಿದಳು. ಆಕೆಗೆ ಹೈದರಾಬಾದಿನಲ್ಲಿ ಕಲಿತ ಉರ್ದು ಬರುತ್ತಿತ್ತು, ಹಳ್ಳಿಗಳ ಕನ್ನಡ ಮರಾಠಿ ಬರುತ್ತಿರಲಿಲ್ಲ. ಅಣ್ಣನ ಅಂಗಡಿಯಲ್ಲಿ ಮೂರೂ ಮಾತು ಕೇಳುತ್ತ ಬೆಳೆದ ಕಸ್ತೂರಿಬಾಯಿ ತಾನು ಬರುತ್ತೇನೆಂದಳು. ಸುದ್ದಿ ತಿಳಿದು ಓಡಿಬಂದ ಶಿವರಾಜಪ್ಪ, ಕಿರಿಸ್ತಾನರ ಬಂಡಿ ಹತ್ತಿದರೆ ಮಠದಲ್ಲಿ ಏನು ಹೇಳಲಿ ಎಂದು ಕೂಗಾಡಿದ. ಕೊರಳಲ್ಲಿ ಲಿಂಗ ಇದೆ, ಅದನ್ನು ತೆಗೆ ಎಂದು ಯಾರೂ ಹೇಳಿಲ್ಲ ಎಂದಷ್ಟೇ ಹೇಳಿ ಅವಳು ಬಂಡಿ ಹತ್ತಿದಳು.

ದವಾಖಾನೆಗೆ ಜನ ತಾವಾಗಿ ಬರುತ್ತಿದ್ದರು. ಇಲ್ಲಿ ಔರಾದ ದಾಟಿ ಮೊದಲ ಹಳ್ಳಿ ಹೊಕ್ಕಾಗ ಬಂಡಿಯ ಸದ್ದಿಗೇ ಬಾಗಿಲುಗಳು ಮುಚ್ಚಿಕೊಂಡವು. ಓಣಿಯಲ್ಲಿ ಮಕ್ಕಳಿರಲಿಲ್ಲ. ಮೇಮಸಾಬ ಬಾವಿಗೆ ನೀರು ಶುದ್ಧ ಮಾಡುವ ಔಷಧ ಹಾಕಿದಳು. ನೀರು ಕೆಂಪಾದದ್ದೇ ಗಂಡಸರು ಬಂದು ಸುತ್ತುಗಟ್ಟಿದರು. ವಿಷ ಹಾಕಿದರು ಎಂದು ಯಾರೋ ಅಂದರು. ಒಬ್ಬ ಸದ್ದಿಲ್ಲದೆ ಎತ್ತುಗಳನ್ನು ಬಿಚ್ಚಿ ಹೊಡೆದುಕೊಂಡು ಹೋದ. ಕಸ್ತೂರಿಬಾಯಿಗೆ ಯಾಕಾದರೂ ಬಂದೆನೋ ಅನ್ನಿಸಿತು.

ಆಗ ಹಾವಗೆಪ್ಪನೆಂಬ ರೈತ ಗುಂಪನ್ನು ಸರಿಸಿಕೊಂಡು ಬಂದು, ಹೆಂಡತಿ ಗುರಮ್ಮ ಹೊತ್ತು ಮೂಡಿದಾಗಿನಿಂದ ಮಾತಾಡುತ್ತಿಲ್ಲ, ನೋಡಬೇಕು ಎಂದ. ಗುಂಪೂ ಅವನ ಅಂಗಳದವರೆಗೆ ಹಿಂದೆಯೇ ಬಂತು. ಗುರಮ್ಮನ ಕಣ್ಣು ಗುಳಿಬಿದ್ದಿದ್ದವು, ನಾಡಿ ಸಿಗುತ್ತಿರಲಿಲ್ಲ. ನರಕ್ಕೆ ಸೂಜಿ ಹಾಕಿ ಉಪ್ಪುನೀರು ಬಿಡಬೇಕು ಎಂದಳು ಮೇಮಸಾಬ. ಬಿಡದಿದ್ದರೆ ಸಂಜೆ ಕಾಣುವುದಿಲ್ಲ. ಬಿಟ್ಟರೂ ಉಳಿಯುತ್ತಾಳೆಂದು ಮಾತು ಕೊಡಲಾರೆ. ಇದ್ದದ್ದನ್ನು ಇದ್ದಹಾಗೆ ಹೇಳು ಎಂದಳು.

ಕಸ್ತೂರಿಬಾಯಿ ಹೊರಳಿ ನೋಡಿದಳು. ಹಾವಗೆಪ್ಪ ಬಾಗಿಲಿಗೆ ಅಡ್ಡ ನಿಂತಿದ್ದ.

"ಏನಂತಾರ್ರಿ ಬಾಯಿ?"

"ಉಳೀತಾಳಂತ್ರಿ."

ಅವನು ಅವಳ ಮುಖವನ್ನೇ ದಿಟ್ಟಿಸಿದ. "ಹಾಂಗಾಗಲಿಲ್ಲಂದ್ರ ನಿಮ್ಮ ಬಂಡಿ ಈ ಊರು ಬಿಟ್ಟು ಹೋಗಂಗಿಲ್ರಿ" ಎಂದು ದಾರಿ ಬಿಟ್ಟ.

ಮೇಮಸಾಬ ಸೂಜಿ ಹಾಕಿದಳು. ಕಸ್ತೂರಿಬಾಯಿ ಬಾಟಲಿಯನ್ನು ಎತ್ತಿ ಹಿಡಿದಳು. ನೀರು ಅರ್ಧ ಇಳಿದಿರಬೇಕು, ಗುರಮ್ಮನ ಮೈ ಗದಗದ ನಡುಗತೊಡಗಿತು. ಹಲ್ಲು ಕಟಕಟ ಎಂದವು, ಹೊರಸು ಅಲುಗಾಡಿತು. ಗುರಮ್ಮನ ಅತ್ತೆ ಗೋಳಾಡಿದಳು. ಹಾವಗೆಪ್ಪ ನುಗ್ಗಿಬಂದು ರಬ್ಬರಿನ ನಳಿಗೆಗೆ ಕೈ ಹಾಕಿದ.

"ಉಳೀತಾಳಂತ ನೀವ ಅಂದಿದ್ರಿ!"

ಇದು ಹೀಗೇ ಆಗುವುದುಂಟು, ಬಾಟಲಿ ಬಿಡಬೇಡ ಎಂದು ಮೇಮಸಾಬ ಉರ್ದುವಿನಲ್ಲಿ ಗದರಿದಳು. ಕಸ್ತೂರಿಬಾಯಿ ಒಂದು ಕೈಯಲ್ಲಿ ಬಾಟಲಿ ಹಿಡಿದುಕೊಂಡೇ ಇನ್ನೊಂದರಿಂದ ಅವನ ಬೆರಳುಗಳನ್ನು ಎಳೆದು ಹೆಂಡತಿಯ ಮಣಿಕಟ್ಟಿನ ಮೇಲೆ ಒತ್ತಿದಳು. ಆಗ ಸಿಗದಿದ್ದ ನಾಡಿ ಈಗ ಸಣ್ಣಗೆ ಬಡಿಯುತ್ತಿತ್ತು. ಹಾವಗೆಪ್ಪ ಆ ಕೈಯನ್ನು ಬಿಡದೆ ನೆಲಕ್ಕೆ ಕುಸಿದು ಕುಳಿತ. ನಡುಕ ಇಳಿಯಿತು. ಹೊತ್ತು ವಾಲುವಾಗ ಗುರಮ್ಮ ನೀರು ಕೇಳಿದಳು.

ಎತ್ತುಗಳು ಮರಳಿ ಬಂದವು. ಹಾವಗೆಪ್ಪ ಮೇಮಸಾಬಳ ಕಾಲು ಮುಟ್ಟಿ, ಕೊಟ್ಟ ಮಾತು ಉಳಿಸಿದಿರಿ ಎಂದ. ಅವನು ಏನೆನ್ನುತ್ತಾನೆಂದು ಆಕೆ ಕೇಳಿದಳು. ಕಸ್ತೂರಿಬಾಯಿ ನಡೆದದ್ದನ್ನು ಹೇಳಿಬಿಟ್ಟಳು. ಮೇಮಸಾಬಳ ಮುಖ ಬಿಗಿಯಿತು. ಗುರಮ್ಮ ಸತ್ತಿದ್ದರೆ ಈ ಸೀಮೆಯಲ್ಲಿ ಇನ್ನು ಯಾರೂ ಸೂಜಿಗೆ ಕೈ ಚಾಚುತ್ತಿರಲಿಲ್ಲ, ನಾನು ಹೇಳದ ಮಾತನ್ನು ನನ್ನ ಹೆಸರಿನಲ್ಲಿ ಆಡಬೇಡ ಎಂದಳು.

ಪಕ್ಕದ ಓಣಿಯಲ್ಲಿ ಕಿರಾಣಿ ಅಂಗಡಿಯ ವೈಜಿನಾಥನ ತಾಯಿಯೂ ವಾಂತಿಭೇದಿಯಿಂದ ಮಲಗಿದ್ದಳು. ಅಲ್ಲಿ ಕಸ್ತೂರಿಬಾಯಿ ಒಂದಕ್ಷರವನ್ನೂ ಬದಲಿಸಲಿಲ್ಲ. ವೈಜಿನಾಥ, ಖಾತ್ರಿ ಇಲ್ಲದ ಮೇಲೆ ಮುದುಕಿಗೆ ಆ ಸಂಕಟ ಯಾಕೆ, ಬೇಡ ಎಂದ. ಕಸ್ತೂರಿಬಾಯಿ ಮತ್ತೆ ಹೇಳಿದಳು. ಅವನು ಬೇಡವೆಂದೇ ತಲೆಯಾಡಿಸಿದ. ದೀಪ ಹಚ್ಚುವ ಹೊತ್ತಿಗೆ ಮುದುಕಿ ಹೋದಳು. ಒಂದೇ ಒಂದು ಸುಳ್ಳು ಹೇಳಿದ್ದರೆ ಎಂಬ ಯೋಚನೆ ಬೀದರ ಮುಟ್ಟುವವರೆಗೂ ಕಸ್ತೂರಿಬಾಯಿಯನ್ನು ಕಾಡಿತು.

ಆದರೂ ಮುಂದಿನ ಬಂಡಿ ಹೊರಟಾಗ ಅವಳು ಹೋದಳು, ಅದರ ಮುಂದಿನದಕ್ಕೂ. ಇದ್ದದ್ದನ್ನು ಇದ್ದಹಾಗೆ ಹೇಳಿ, ಬೇಡವೆಂದವರ ಕಟ್ಟೆಯ ಮೇಲೆ ಕುಳಿತುಬಿಡುತ್ತಿದ್ದಳು. ಕೆಲವರು ಮನಸ್ಸು ಬದಲಿಸಿದರು. ಕೆಲವರು ಬದಲಿಸಲಿಲ್ಲ.

ಮರುವರ್ಷ ರೋಗ ಮತ್ತೆ ಕಾಣಿಸಿತು. ಒಂದು ಬೆಳಿಗ್ಗೆ ವೈಜಿನಾಥ ತಾನೇ ಬಂಡಿ ಹೂಡಿಕೊಂಡು ದವಾಖಾನೆಯ ಮುಂದೆ ಬಂದು ನಿಂತ. ಹಿಂದೆ ಅವನ ಹೆಂಡತಿ ಕಂಬಳಿಯಲ್ಲಿ ಮಲಗಿದ್ದಳು.

"ಆವತ್ತ ನೀವು ಸುಳ್ಳು ಹೇಳಲಿಲ್ರಿ" ಎಂದ ಅವನು ಕಸ್ತೂರಿಬಾಯಿಗೆ. "ಈಗ ಏನ್ ಮಾಡಬೇಕಂತೀರಿ, ಮಾಡ್ರಿ."

ಅವನು ಕಂಬಳಿಯ ಒಂದು ತುದಿ ಎತ್ತಿದ, ಅವಳು ಇನ್ನೊಂದು ತುದಿ ಹಿಡಿದಳು. ಆ ಹೆಂಗಸು ಬದುಕಿದಳು.