ನಮಸ್ಕಾರದ ಬಟನ್

ನಾನು ಜಯಮ್ಮನ ಕೈಯಿಂದ ನಾಗಪ್ಪನಿಗೆ ಹೊಡೆಸಿದೆ. ಟೀವಿಯೊಳಗಿನ ನಾಗಪ್ಪ, ಮಕ್ಕಳ ವಿಡಿಯೋ ಗೇಮಿನ ನಾಗಪ್ಪ — ಅದೂ ನಿಜ. ಆದರೆ ಹೊಡೆಯುತ್ತಿದ್ದೇನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ನಮಸ್ಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು. ಹಾಗೆಂದು ಅವಳಿಗೆ ಹೇಳಿದವಳು ನಾನು.

ಜಯಮ್ಮ ನನ್ನ ವಾರಗಿತ್ತಿ, ಮೈದುನನ ಹೆಂಡತಿ. ನೆಲಮಂಗಲದಿಂದ ಒಳಗೆ, ತಾರಸಿ ಹತ್ತಿದರೆ ಶಿವಗಂಗೆ ಬೆಟ್ಟ ಕಾಣುವ ಊರಿನಲ್ಲಿ ನಾವಿಬ್ಬರೂ ಒಂದೇ ಮನೆಯಲ್ಲಿ ಬಾಳಿ ಮುದುಕಿಯರಾದೆವು. ನಾನು ಬೆಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಪೋಯಂ ಕಲಿತು, ಗ್ರಾಮರ್ ಕಲಿತು, ಆಮೇಲೆ ಈ ಮನೆಗೆ ಬಂದು ಮುದ್ದೆ ತಿರುವುವುದನ್ನು ಕಲಿತವಳು. ಮುದ್ದೆ ಕಲಿಸಿದವಳು ಅವಳೇ. ಮಾತ್ರೆಯ ಡಬ್ಬಿಯಿಂದ ಹಿಡಿದು ಮದುವೆ ಇನ್ವಿಟೇಶನ್ನಿನವರೆಗೆ ಮನೆಗೆ ಬಂದ ಇಂಗ್ಲಿಷೆಲ್ಲ ನನ್ನ ಬಾಯಿಂದಲೇ ಅವಳಿಗೆ ತಲುಪಬೇಕು. ನಾನು ಓದಿ ಹೇಳಿದ್ದಕ್ಕೆ ಅವಳು ಒಂದು ದಿನವೂ 'ಹೌದಾ?' ಎಂದು ಕೇಳಿದವಳಲ್ಲ. ಅದೇ ನನ್ನನ್ನು...

ಇರಲಿ, ಕ್ರಮವಾಗಿ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ದಾಬಸ್‌ಪೇಟೆಯ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿರುವ ನನ್ನ ಮಗ ತನ್ನ ಮಗಳು ನಿಧಿಗೆ ಹುಟ್ಟುಹಬ್ಬಕ್ಕೆ ಗೇಮ್ ಬಾಕ್ಸ್ ತಂದ. ಜೊತೆಗೆ ಒಂದು ಕಾರ್ಟೂನ್ ಸಿನಿಮಾದ ಗೇಮು. ಆ ಸಿನಿಮಾವನ್ನು ಮನೆಮಂದಿಯೆಲ್ಲ ನೋಡಿದ್ದೆವು — ಒಂದು ಅಳಿಲು, ಒಂದು ಕಪ್ಪೆ, ಕಳೆದುಹೋದ ನದಿಯನ್ನು ಹುಡುಕಿಕೊಂಡು ಹೋಗುತ್ತವೆ. ರಕ್ತವಿಲ್ಲ, ಬಂದೂಕಿಲ್ಲ. ವೆರಿ ಡೀಸೆಂಟ್. ನಿಧಿ ನಮಗಿಬ್ಬರಿಗೂ ಆಡಲು ಹೇಳಿಕೊಟ್ಟಳು. ಅವಳು ಸ್ಕೂಲಿಗೆ ಹೋದ ಮೇಲೆ, ಒಲೆಯ ಮೇಲೆ ಬೇಳೆ ಬೇಯಲು ಇಟ್ಟು, ನಾವು ದಿವಾನಿನ ಮೇಲೆ ಕಾಲು ಮಡಿಚಿ ಕೂರುತ್ತಿದ್ದೆವು. ನಾನು ಅಳಿಲು, ಅವಳು ಕಪ್ಪೆ. ಬೇಳೆ ಎಷ್ಟು ಸಲ ತಳ ಹಿಡಿಯಿತೋ! ಸೊಸೆಗೆ ಸ್ಟೋವಿನ ಮೇಲೆ ತಪ್ಪು ಹೊರಿಸಿ ಹೇಳುತ್ತಿದ್ದೆವು.

ಆ ದಿನಗಳಲ್ಲಿ ನಕ್ಕಷ್ಟು ನಾನು ಮದುವೆಯಾದ ಮೇಲೆ ಎಂದೂ ನಕ್ಕಿರಲಿಲ್ಲ. ಜಯಾಳ ಕಪ್ಪೆ ಹಳ್ಳಕ್ಕೆ ಬಿದ್ದು ಪ್ರಾಣ ಬಿಟ್ಟಿತೆಂದರೆ ಅವಳಿಗೆ ಎಲ್ಲಿಲ್ಲದ ಕೋಪ. "ಕಪ್ಪೆ ನೀರಿಗ್ ಬಿದ್ರೆ ಸಾಯ್ತದೇನಕ್ಕ? ಇದನ್ನ ಮಾಡ್ದೋರು ಕಪ್ಪೆ ನೋಡವ್ರಾ?"

"ಫಾರಿನ್ ಕಪ್ಪೆ ಕಣೆ, ಈಜು ಬರಲ್ಲ."

"ಥೂ! ಅದಕ್ಕಿಂತ ನಮ್ ಬಾವಿ ಕಪ್ಪೆನೇ ವಾಸಿ."

ಹೀಗೆ ಸಾಗಿ ಸಾಗಿ ಒಂದು ಗವಿಯ ಮುಂದೆ ಬಂದೆವು. ಗವಿಯಿಂದ ಹೆಡೆ ಎತ್ತಿಕೊಂಡು ಸರ್ಪರಾಜ ಎದ್ದುಬಂದ. ಸಿನಿಮಾದಲ್ಲಿ ಇವನು ಇರಲೇ ಇಲ್ಲ, ಗೇಮ್ ಮಾಡಿದವರು ಸೇರಿಸಿದ್ದರು. ಜಯಾ ಕೈಯಲ್ಲಿದ್ದ ಕಂಟ್ರೋಲರನ್ನು ಕೆಳಗಿಟ್ಟು ಎದ್ದು ನಿಂತು ಕೆನ್ನೆ ಕೆನ್ನೆ ಬಡಿದುಕೊಂಡಳು.

ನಗಬೇಡಿ. ಮದುವೆಯಾಗಿ ಬಹಳ ವರ್ಷ ಅವಳಿಗೆ ಮಕ್ಕಳಾಗಿರಲಿಲ್ಲ. ತೋಟದ ಬದಿಯ ಹುತ್ತಕ್ಕೆ ಹರಕೆ ಹೊತ್ತ ಮೇಲೆ ಹುಟ್ಟಿದವನು ನಾಗರಾಜ. ಅಂದಿನಿಂದ ಆ ಹುತ್ತದ ಸುತ್ತ ಗುದ್ದಲಿ ತಾಗಿಲ್ಲ. ಹಾವು ಎಂಬ ಶಬ್ದವೂ ಅವಳ ಬಾಯಲ್ಲಿ ಬರುವುದಿಲ್ಲ, ನಾಗಪ್ಪ ಎಂದೇ ಹೇಳುತ್ತಾಳೆ.

"ನಾ ಹೊಡಿಯಲ್ಲ ಕಣಕ್ಕ. ಇಲ್ಲಿಗ್ ಸಾಕು."

ಅಳಿಲೂ ಕಪ್ಪೆಯೂ ಒಟ್ಟಿಗೆ ಹೊಡೆದರೆ ಮಾತ್ರ ಅವನು ಸೋಲುತ್ತಾನೆ — ಪರದೆಯ ಮೇಲೆ ಹಾಗೇ ಬರೆದಿತ್ತು. ಅವನ ಬೆನ್ನ ಹಿಂದೆ ಮುಂದಿನ ಲೆವೆಲ್ಲಿನ ಬಾಗಿಲು, ಬಾಗಿಲಿನಾಚೆ ನದಿಯ ಸದ್ದು. ನನಗೆ ಆ ನದಿ ನೋಡಬೇಕಿತ್ತು. ಅಷ್ಟೇ. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

"ಏನ್ ಬರ್ದವ್ರೆ ಓದಕ್ಕ" ಎಂದಳು ಜಯಾ.

ಪರದೆಯ ಮೇಲೆ, ಅದುವರೆಗೆ ನಾವು ಒತ್ತಿರದ ಒಂದು ಬಟನ್ನಿನ ಚಿತ್ರದ ಪಕ್ಕ, ಇಂಗ್ಲಿಷಿನಲ್ಲಿ ಇದ್ದದ್ದು: ಸರ್ಪರಾಜನ ತಲೆಗೆ ಹೊಡೆಯಿರಿ! ನಾನು ಕನ್ನಡಕ ಸರಿಮಾಡಿಕೊಂಡೆ. ಓದಿದೆ —

"ಇದು ನಮಸ್ಕಾರದ ಬಟನ್ ಅಂತೆ ಜಯಾ. ಒತ್ತಿದಷ್ಟೂ ನಾಗಪ್ಪ ಪ್ರಸನ್ನ ಆಗ್ತಾನಂತೆ. ಪ್ರಸನ್ನ ಆದ್ರೆ ದಾರಿ ಬಿಡ್ತಾನಂತೆ."

ಅವಳ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕಂಟ್ರೋಲರನ್ನು ಕಣ್ಣಿಗೊತ್ತಿಕೊಂಡು ಕೂತಳು. "ನಾಗಪ್ಪ, ನಾಗಪ್ಪ, ನಮ್ಮಪ್ಪ" ಎನ್ನುತ್ತ ಒತ್ತಿದಳು ನೋಡಿ — ಅದುವರೆಗೆ ಅಷ್ಟು ಚೆನ್ನಾಗಿ ಅವಳು ಆಡಿರಲೇ ಇಲ್ಲ! ನನ್ನ ಅಳಿಲು ಅವಳ ಕಪ್ಪೆಯ ವೇಗಕ್ಕೆ ಸರಿಸಾಟಿಯಾಗದೆ ಏದುಸಿರು ಬಿಟ್ಟಿತು. ಸರ್ಪರಾಜ ತಲೆ ತಿರುಗಿ ಬಿದ್ದ. ನಕ್ಷತ್ರಗಳಾಗಿ ಒಡೆದು ಮಾಯವಾದ.

"ಎಲ್ಲೋದ?"

"ಹುತ್ತಕ್ಕೆ. ಮಲಗೋಕೆ."

ಆಮೇಲೆ ನದಿ ಬಂತು. ಬ್ಯೂಟಿಫುಲ್ ನದಿ. ನಾವಿಬ್ಬರೂ ಚಪ್ಪಾಳೆ ತಟ್ಟಿದೆವು. ನನಗೆ ನಾಚಿಕೆ ಆ ಕ್ಷಣದಲ್ಲಿ ಆಗಲೇ ಇಲ್ಲ, ಅದನ್ನೂ ಹೇಳಿಬಿಡಬೇಕು.

ನಾಚಿಕೆ ಶುರುವಾದದ್ದು ನಾಗರಪಂಚಮಿಗೆ. ಹುತ್ತಕ್ಕೆ ತನಿ ಎರೆಯಲು ಬಂದ ಹೆಂಗಸರ ಮುಂದೆ ಜಯಾ ಹೆಮ್ಮೆಯಿಂದ ಹೇಳಿದಳು: "ಟೀವಿಯಾಗೂ ನಾಗಪ್ಪ ಬಂದಿದ್ದ ಕಣ್ರೇ. ನಮಸ್ಕಾರ ಮಾಡಿ ಮಾಡಿ ಮಲಗಿಸ್ದೆ." ಪ್ರತಿ ವರ್ಷ ಈ ಕಥೆ. ಪ್ರತಿ ವರ್ಷ ಕಥೆಯಲ್ಲಿ ನಾಗಪ್ಪ ಸ್ವಲ್ಪ ದೊಡ್ಡವನಾಗುತ್ತಿದ್ದ. ಪ್ರತಿ ವರ್ಷ ನಾನು ಪಕ್ಕದಲ್ಲಿ ನಿಂತು, ಹೂಂ — ತಲೆ ಆಡಿಸುತ್ತಿದ್ದೆ.

ಈ ವರ್ಷ ಅದೇ ಸಿನಿಮಾದ ಎರಡನೇ ಭಾಗ ಬಂತು. ಅದರ ಗೇಮೂ ಮನೆಗೆ ಬಂತು. ಪಂಚಮಿಯ ದಿನ, ಕೈಯಲ್ಲಿ ಹಾಲಿನ ಚೊಂಬು ಹಿಡಿದು ಜಯಾ ಹುತ್ತಕ್ಕೇ ಹೇಳಿದಳು: "ಹೊಸದ್ರಾಗೂ ಬಾರಪ್ಪ, ನಾನೇ ನಮಸ್ಕಾರ ಮಾಡ್ತೀನಿ."

ನನಗೆ ತಡೆಯಲಾಗಲಿಲ್ಲ.

"ಜಯಾ, ಅದು ನಮಸ್ಕಾರದ ಬಟನ್ ಅಲ್ಲ. ಹೊಡೆಯೋ ಬಟನ್. ನಾನು ಸುಳ್ಳು ಹೇಳ್ದೆ."

ಅವಳು ನನ್ನನ್ನು ನೋಡಿದಳು. ಹೆಬ್ಬೆರಳನ್ನು ನೋಡಿಕೊಂಡಳು. ಹಾಲು ಎರೆದು ಮುಗಿಸಿದಳು, ಒಂದು ತೊಟ್ಟೂ ಚೆಲ್ಲದಂತೆ. ಆಮೇಲೆ, "ನನ್ ಕೈಲಿ ಮಾಡಿಸ್ಬಿಟ್ಯಲ್ಲಕ್ಕ..." ಎಂದಳು. ನಾನು ಅವಳ ಕೈ ಹಿಡಿಯಲು ಹೋದರೆ ಬಿಡಿಸಿಕೊಂಡಳು. "ನಂಗ್ಯಾಕ್ ಹೇಳ್ತೀಯ? ಹೋಗ್ ನಾಗಪ್ಪಂಗ್ ಹೇಳು."

ನಾನು ಹುತ್ತದ ಮುಂದೆ ಕೈ ಮುಗಿದು ನಿಂತೆ. ಗಾಬರಿಗೆ ಬಾಯಿಂದ ಬಂದದ್ದು, "ಐ ಆಮ್ ವೆರಿ ಸಾರಿ."

"ಇಂಗ್ಲೀಷಲ್ ಬ್ಯಾಡ!" ಎಂದಳು ಜಯಾ ಹಿಂದಿನಿಂದ. "ನಿನ್ ಇಂಗ್ಲೀಷ್ನ ಇನ್ಮೇಲ್ ನಾನೇ ನಂಬಲ್ಲ, ನಾಗಪ್ಪ ನಂಬ್ತಾನಾ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಜಯಾಳೂ ನಕ್ಕಳು, ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ. ನಾನು ಕನ್ನಡದಲ್ಲಿ ಹೇಳಿದೆ. ಹೇಳಲು ಬಹಳ ಹೊತ್ತು ಹಿಡಿಯಿತು.

ಈಗಲೂ ಆಡುತ್ತೇವೆ, ನಿಧಿ ಸ್ಕೂಲಿನಿಂದ ಬಂದ ಮೇಲೆ. ನಾನೇ ಓದುತ್ತೇನೆ. ಆದರೆ ನಾನು ಓದಿದ ಪ್ರತಿ ಸಾಲಿಗೂ ಜಯಾ ನಿಧಿಯ ಮುಖ ನೋಡುತ್ತಾಳೆ. "ಹೌದೇನೆ?" ನಿಧಿ ಹೂಂ ಎಂದ ಮೇಲೆಯೇ ಅವಳ ಹೆಬ್ಬೆರಳು ಅಲುಗುವುದು. ಅಷ್ಟು ಹೊತ್ತು ನಾನು ಕಾಯುತ್ತೇನೆ. ಕಾಯುವುದು ಕಷ್ಟ, ಆದರೂ ಕಾಯುತ್ತೇನೆ.

ಹೊಸ ಗೇಮಿನಲ್ಲಿ ನಾಗಪ್ಪ ಬರಲಿಲ್ಲ. ಮೊನ್ನೆ ಒಂದು ಸೇತುವೆಗೆ ಅಡ್ಡವಾಗಿ ದೊಡ್ಡ ಕಾಗೆಯೊಂದು ಬಂದು ಕೂತಿತು. "ಅಯ್ಯೋ, ಮಾವನೋರು!" ಎಂದು ಜಯಾ ಸೆರಗು ಹೊದ್ದುಕೊಂಡಳು. ಪಿತೃಪಕ್ಷದಲ್ಲಿ ಎಡೆ ತಿನ್ನಲು ಬರುವ ಕಾಗೆ ಅವಳಿಗೆ ನಮ್ಮ ಮಾವನವರೇ.

"ಅಜ್ಜೀ, ಬರೀ ಕಾಗೆ ಅದು!" ಎಂದಳು ನಿಧಿ.

"ಏನ್ ಬರ್ದವ್ರೆ ಓದಕ್ಕ."

ಸೇತುವೆಯಾಚೆ ಏನೋ ಹೊಳೆಯುತ್ತಿತ್ತು. ದೀಪಗಳ ಊರಿರಬೇಕು, ಅಥವಾ...

"ಹೊಡೀರಿ ಅಂತಿದೆ ಜಯಾ" ಎಂದೆ.

ಅವಳು ನಿಧಿಯ ಕಡೆ ನೋಡಿದಳು. ನಿಧಿ ಹೂಂ ಎಂದು ತಲೆಯಾಡಿಸಿದಳು. ಜಯಾ ಕಂಟ್ರೋಲರನ್ನು ಕೆಳಗಿಟ್ಟಳು. ನಾನೂ ಇಟ್ಟೆ.